ಅಮ್ಮನ ಅಳತೆ ರವಿಕೆ

ತಿಂಗಳಿನಿಂದ ಪತ್ತೆಯಿಲ್ಲದಿದ್ದ ಜಿತೇಶ್ ಬಟ್ಟೆಚೀಲ ಹಿಡಿದು ಬಂದು ನಿಂತಾಗ, ಬಂಟ್ವಾಳ ಪೇಟೆಯ ತನ್ನ ಹೊಲಿಗೆ ಅಂಗಡಿಯಲ್ಲಿ ಕುಳಿತಿದ್ದ ತೃಪ್ತಿ ಒಮ್ಮೆ ತಲೆಯೆತ್ತಿ ನೋಡಿದಳು. ಕಾಲು ಮಾತ್ರ ಮಿಷನ್ ತುಳಿಯುತ್ತಲೇ ಇತ್ತು. ಅಷ್ಟು ಬೇಗ ಸೋಲುವ ಹುಡುಗಿಯೇ ಅವಳು?

ಹುಟ್ಟಿನಿಂದಲೇ ಅವಳಿಗೆ ಎಚ್‌ಐವಿ. ದಿನಾ ಮಾತ್ರೆ ನುಂಗಿ ಗಟ್ಟಿಮುಟ್ಟಾಗಿದ್ದಾಳೆ. ಆದರೂ ವಿಷಯ ಗೊತ್ತಾದ ಮೇಲೆ, ಅವಳ ಸೂಜಿಗೆ ಹೆದರಿ ರವಿಕೆ ವಾಪಸು ಒಯ್ದವರೆಷ್ಟು ಮಂದಿ! ಬಟ್ಟೆಯಿಂದ ಅಂಟುವುದಿಲ್ಲ ಎಂದು ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು.

ಮದುವೆಯ ಮಾತೆತ್ತಿದ ದಿನವೇ ಜಿತೇಶನಿಗೆ ಎಲ್ಲ ಹೇಳಿದ್ದಳು. "ಅಮ್ಮನ ಹತ್ತಿರ ಮಾತಾಡ್ತೇನೆ" ಎಂದು ಬೆಳ್ತಂಗಡಿಗೆ ಹೋದವನದು ಆಮೇಲೆ ಒಂದು ಫೋನೂ ಇಲ್ಲ.

"ಏನು ಬೇಕಿತ್ತು?" ಗಿರಾಕಿಯನ್ನು ಕೇಳುವಂತೆ ಕೇಳಿದಳು.

ಅವನು ಚೀಲ ಮುಂದೆ ಹಿಡಿದ. ಅದರಿಂದ ಮಾತ್ರೆ ಡಬ್ಬಿಯೊಂದು ಉರುಳಿ ಮೇಜಿನ ಮೇಲೆ ಬಿತ್ತು. ಅದರ ಮೇಲಿನ ಹೆಸರು ಅವಳಿಗೆ ಚೆನ್ನಾಗಿ ಗೊತ್ತಿದ್ದ ಔಷಧಿಯದ್ದು.

ಓಹೋ... ತನಗೂ ಬಂದ ಮೇಲೆ ನನ್ನ ನೆನಪಾಯಿತೋ?

"ನಿನಗೂ ಉಂಟಾ?"

"ಇಲ್ಲ ಮಾರಾಯ್ತಿ. ಇದು ಎಚ್‌ಐವಿ ಬಾರದ ಹಾಗೆ ಮೊದಲೇ ತೆಗೊಳ್ಳುವುದು. ಪ್ರೆಪ್ ಅಂತ. ಟೆಸ್ಟ್ ಮಾಡಿಸಿಯೇ ಡಾಕ್ಟರ್ ಕೊಟ್ಟದ್ದು."

"ನನ್ನ ವೈರಸ್ ಟೆಸ್ಟಿನಲ್ಲೂ ಕಾಣದಷ್ಟು ಕಡಿಮೆ. ನನ್ನಿಂದ ನಿನಗೆ ಬರುವುದಿಲ್ಲ ಅಂತ ಹೇಳಿದ್ದೆನಲ್ಲ? ನಂಬಿಕೆ ಇಲ್ವಾ?"

"ನನಗೆ ಉಂಟು. ಡಾಕ್ಟರೂ ಅದನ್ನೇ ಹೇಳಿದ್ರು. ಹೆದರಿಕೆ ಅಮ್ಮನಿಗೆ. ಅವರನ್ನೂ ಕರ್ಕೊಂಡು ಹೋದೆ. ಈಗ ದಿನಾ ಬೆಳಿಗ್ಗೆ ಅವರೇ ನೀರು ಹಿಡ್ಕೊಂಡು ನಿಲ್ತಾರೆ, ಮಾತ್ರೆ ನುಂಗು ಅಂತ."

ತೃಪ್ತಿಯ ಕೋಪ ಅರ್ಧ ಇಳಿಯಿತು. "ಇದನ್ನು ಹೇಳ್ಲಿಕ್ಕೆ ನಿನಗೆ ಫೋನ್ ಇರ್ಲಿಲ್ವಾ?"

"ಅಮ್ಮ ಒಪ್ಪದೆ ನಿನಗೆ ಆಸೆ ಹುಟ್ಟಿಸುವುದು ಹೇಗೆ ಅಂತ... ತಪ್ಪಾಯ್ತು."

"ಈಗ ಒಪ್ಪಿದ್ರಾ?"

"ಚೀಲ ನೋಡು."

ಒಳಗೆ ಹೊಸ ರೇಷ್ಮೆ ರವಿಕೆ ಕಣ, ಅದರೊಟ್ಟಿಗೆ ಅಳತೆಗೆಂದು ಒಂದು ಹಳೆಯ ರವಿಕೆ.

"ಅಮ್ಮನದ್ದು," ಎಂದ ಜಿತೇಶ್. "ನೀನೇ ಹೊಲಿಯಬೇಕಂತೆ."

ಮಿಷನ್ ನಿಂತಿತು. ಊರವರು ವಾಪಸು ಒಯ್ದ ರವಿಕೆಗಳಿಗೆಲ್ಲ ಅಳದಿದ್ದವಳು, ಈ ಒಂದನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟಳು.

ಆಮೇಲೆ ಕಣ್ಣೊರೆಸಿಕೊಂಡು ಟೇಪು ಕೈಗೆತ್ತಿಕೊಂಡಳು. "ಯಾವಾಗಕ್ಕೆ ಬೇಕು?"

"ನಮ್ಮ ನಿಶ್ಚಿತಾರ್ಥಕ್ಕೆ. ನೀನು ಹೂಂ ಅಂದ್ರೆ."

"ಹೊಲಿಲಿಕ್ಕೆ ತೆಗೊಂಡೆನಲ್ಲ, ಇನ್ನೆಂಥ ಹೂಂ? ಇವತ್ತಿನ ಮಾತ್ರೆ ನುಂಗಿದ್ಯಾ?"

"ಇಲ್ಲ. ಅವಸರದಲ್ಲಿ ಹೊರಟೆ. ಅದಕ್ಕೇ ಅಮ್ಮ ಚೀಲಕ್ಕೆ ಹಾಕಿದ್ದು."

ತೃಪ್ತಿ ತನ್ನ ನೀರಿನ ಬಾಟಲಿ ಅವನ ಕೈಗಿಟ್ಟಳು.

"ನುಂಗು. ಅತ್ತೆಗೆ ನಾನು ಫೋನ್ ಮಾಡಿ ಹೇಳ್ತೇನೆ."