ಏಳರ ಹಿಂದೆ ಎಂಟು

"ರೀ... ಒಂದ್ನಿಮಿಷ! ನೀವು ಏಳು, ನಾನು ಎಂಟು. ನೀವು ನನ್ನ ಮುಂದೆ ನಿಲ್ಬೇಕು!"

ಇಳಾ ಬೆಚ್ಚಿ ತಿರುಗಿದಳು. ಚೀನಾದ ಚೆಂಗ್ದು ವಿಮಾನ ನಿಲ್ದಾಣದ ಇಮಿಗ್ರೇಷನ್ ಸಾಲಿನಲ್ಲಿ, ಕೆದರಿದ ಕೂದಲಿನ ಯುವಕನೊಬ್ಬ ಕೈಯಲ್ಲೊಂದು ಕಾಗದ ಹಿಡಿದು ನಿಂತಿದ್ದ.

"ಎಲ್ಲಿ ನಿಂತ್ರೇನು? ಹೇಗೂ ಎಲ್ರೂ ಒಳಗೆ ಹೋಗ್ತೀವಲ್ಲ!"

"ಗ್ರೂಪ್ ವೀಸಾ ಕಣ್ರೀ. ಹನ್ನೆರಡು ಜನಕ್ಕೂ ಇದೊಂದೇ ಪೇಪರ್. ಲಿಸ್ಟಲ್ಲಿ ಹೆಸರು ಹೇಗಿದೆಯೋ ಹಾಗೇ ನಿಲ್ಬೇಕಂತೆ. ಬರುವಾಗ್ಲೂ, ಹೋಗುವಾಗ್ಲೂ!"

"ಅಂದ್ರೆ... ವಾಪಸ್ ಹೋಗೋವರ್ಗೂ ನೀವು ನನ್ನ ಹಿಂದೇನಾ?"

"ಸರ್ಕಾರದ ಆದೇಶ! ನಾನೇನ್ ಮಾಡ್ಲಿ?"

ಅವನು ನಕ್ಕ. ಇಳಾಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾಕೆ ಬರಲಿಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಅವನ ಹೆಸರು ಅಭಯ್. ಸ್ವೀಡನ್ನಿನ ಎಸ್ಕಿಲ್‌ಸ್ಟುನಾದಲ್ಲಿ, ಮಣ್ಣು ಅಗೆಯುವ ದೊಡ್ಡ ಯಂತ್ರಗಳನ್ನು ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಇಳಾ ಮೈಸೂರಿನವಳು. ಲುಂಡ್‌ನಲ್ಲಿ ಓದಿ, ಈಗ ಸೋಲ್ನಾದ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಸ್ಟಾಕ್‌ಹೋಮ್ ಸುತ್ತಮುತ್ತಲ ಕನ್ನಡಿಗರನ್ನು ಸೇರಿಸಿ ಈ ಟೂರ್ ಹೊರಡಿಸಿದವರು ಶೋಭನಾ ಆಂಟಿ. ಇಂಟರ್‌ನೆಟ್ಟಿನಲ್ಲಿ ಇದಕ್ಕಿಂತ ಅಗ್ಗದ್ದು ಇಲ್ಲವೇ ಇಲ್ಲ ಎಂದು ಅವರಿಗೆ ಭಾರಿ ಹೆಮ್ಮೆ.

ಅಗ್ಗದ ಟೂರ್ ಅಂದರೆ ಹೇಗಿರುತ್ತದೆ, ಗೊತ್ತಲ್ಲ! ಬೆಳಗಿನ ಐದೂವರೆಗೇ ಬಾಗಿಲು ಬಡಿಯುತ್ತಾರೆ. ದಿನಕ್ಕೆ ಹತ್ತು ಗಂಟೆ ಬಸ್ಸು, ರಾತ್ರಿ ಹೀಟರ್ ಇಲ್ಲದ ಹೋಟೆಲು. ಹಿಮಶಿಖರಕ್ಕೆ ಇಪ್ಪತ್ತು ನಿಮಿಷ, ಗಿಡಮೂಲಿಕೆ ಅಂಗಡಿಗೆ ಪೂರ್ತಿ ಒಂದು ಗಂಟೆ. ಏನೂ ಕೊಳ್ಳದಿದ್ದರೂ ಸರಿ, ಕೂತು ಅಂಗಡಿಯವರ ಭಾಷಣ ಕೇಳಲೇಬೇಕು.

ಊಟಕ್ಕೆ ಹನ್ನೆರಡು ಜನರಿಗೂ ಒಂದೇ ದುಂಡು ಮೇಜು. ನಡುವೆ ತಿರುಗುವ ಗಾಜಿನ ತಟ್ಟೆ. ತಟ್ಟೆ ಗರಗರ ತಿರುಗುತ್ತಿತ್ತು, ಮಾಂಸದ ಬಟ್ಟಲುಗಳು ಸಾಲಾಗಿ, ಮಾಂಸ ತಿನ್ನದ ಇಳಾಳ ಮುಂದಿನಿಂದ ಹಾದುಹೋಗುತ್ತಿದ್ದವು. ಸೊಪ್ಪಿನ ಪಲ್ಯ ಮಾತ್ರ ಪ್ರತಿ ಸಲವೂ ಸರಿಯಾಗಿ ಅವಳ ಎದುರಿಗೇ ಬಂದು ನಿಲ್ಲುತ್ತಿತ್ತು.

ಮೂರನೇ ದಿನ ಅವಳು ತಲೆಯೆತ್ತಿ ನೋಡಿದಳು. ಅಭಯ್‌ನ ಒಂದು ಬೆರಳು ಗಾಜಿನ ಅಂಚಿನ ಮೇಲಿತ್ತು!

ಅವನು ತಕ್ಷಣ ಬೆರಳು ತೆಗೆದು, ಬಹಳ ಗಂಭೀರವಾಗಿ ಅನ್ನ ತಿನ್ನತೊಡಗಿದ.

ನಾಲ್ಕನೇ ದಿನ ಬಸ್ಸು ಮೋಡಗಳನ್ನು ದಾಟಿ ಮೇಲೆ ಹೋಯಿತು. ನಾಲ್ಕು ಸಾವಿರದ ಮುನ್ನೂರು ಮೀಟರ್ ಎತ್ತರದ ಕಣಿವೆದಾರಿ. ಎಲ್ಲೆಲ್ಲೂ ಗಾಳಿಗೆ ಪಟಪಟಿಸುವ ಬಣ್ಣದ ಪ್ರಾರ್ಥನಾ ಬಾವುಟಗಳು, ದೂರದಲ್ಲಿ ಮೇಯುತ್ತಿದ್ದ ಯಾಕ್‌ಗಳು, ಅದರಾಚೆ ಆಕಾಶದ ತುಂಬ ಬೆಳ್ಳನೆಯ ಶಿಖರಗಳು...

ಇಳಾ ಹತ್ತು ಹೆಜ್ಜೆ ಇಟ್ಟಳು, ತಲೆ ಹಗುರಾಯಿತು. ಕಾಲು ನೆಲದ ಮೇಲಿದೆಯೋ ಇಲ್ಲವೋ ತಿಳಿಯಲಿಲ್ಲ.

"ನಿಧಾನ... ಅವಸರ ಏನಿಲ್ಲ." ಹಿಂದಿನಿಂದ ಅದೇ ದನಿ. ಅಭಯ್ ತನ್ನ ಆಕ್ಸಿಜನ್ ಡಬ್ಬಿಯನ್ನು ಅವಳ ಕೈಗಿಟ್ಟ. "ಇದನ್ನ ತಗೊಳ್ಳಿ."

"ನಿಮಗೆ?"

"ಏಳು ನಡೆದ್ರೆ ತಾನೇ ಎಂಟು ನಡೆಯೋದು?"

ಎದೆ ಜೋರಾಗಿ ಬಡಿದುಕೊಂಡಿತು. 'ಇದು ಗಾಳಿ ಕಮ್ಮಿಯಾಗಿ ಆಗ್ತಿರೋದಾ... ಇಲ್ಲ ಇವನಿಂದಾನಾ?' ಇಳಾಗೆ ಗೊತ್ತಾಗಲಿಲ್ಲ. ಗೊತ್ತಾಗುವುದು ಬೇಕೂ ಇರಲಿಲ್ಲ. ಇಬ್ಬರೂ ಒಂದು ಬಂಡೆಯ ಮೇಲೆ ಕೂತು, ಮೋಡವೊಂದು ಶಿಖರದ ಕೊರಳು ಸುತ್ತಿ ಬಿಡಿಸಿಕೊಳ್ಳುವುದನ್ನೇ ನೋಡಿದರು. ಇಪ್ಪತ್ತು ನಿಮಿಷ ಒಂದು ಇಡೀ ಜನ್ಮದಷ್ಟಾಯಿತು.

ಬಸ್ಸಿನ ಹಾರ್ನ್ ಕೂಗಿದಾಗ ಅಭಯ್ ಮೆಲ್ಲಗೆ ಹೇಳಿದ, "ಸ್ವೀಡನ್‌ಗೆ ಹೋದ್ಮೇಲೆ ನಿಮಗೊಂದು ವಿಷ್ಯ ಹೇಳ್ಬೇಕು."

ಪಾಪ, ಅಷ್ಟು ಹೇಳಿ ಸುಮ್ಮನಾಗಬಾರದಿತ್ತು ಅವನು!

ಸ್ವೀಡನ್ನಿನಲ್ಲಿ ಯಾರ ಹೆಸರನ್ನು ಬೇಕಾದರೂ ವೆಬ್‌ಸೈಟಿನಲ್ಲಿ ಹುಡುಕಬಹುದು. ವಯಸ್ಸು, ಹುಟ್ಟಿದ ದಿನ, ವಿಳಾಸ, ಅದೇ ಮನೆಯಲ್ಲಿ ಇನ್ಯಾರಿದ್ದಾರೆ ಎಂಬುದೂ ಸಿಗುತ್ತದೆ. ಎರಡು ವರ್ಷದ ಹಿಂದೆ, ಮದುವೆ ಮಾತಾಗಿದ್ದ ರಿಷಿಯ ಮನೆಯಲ್ಲಿ ಇನ್ನೊಬ್ಬಳ ಹೆಸರನ್ನು ಇಳಾ ಕಂಡದ್ದು ಅಲ್ಲೇ. ಅಂದಿನಿಂದ ಅವಳು ಯಾರನ್ನೂ ಕೇಳುವುದಿಲ್ಲ... ಹುಡುಕುತ್ತಾಳೆ.

ಬಸ್ಸಿನ ಕಿಟಕಿಗೆ ಒರಗಿ, ಫೋನಿನಲ್ಲಿ ಅಭಯ್‌ನ ಪೂರ್ತಿ ಹೆಸರು ಒತ್ತಿದಳು. ವೀಸಾ ಪಟ್ಟಿಯಲ್ಲಿ ಅದು ಅವಳ ಹೆಸರಿನ ಕೆಳಗೇ ಇತ್ತಲ್ಲ.

ಎಸ್ಕಿಲ್‌ಸ್ಟುನಾ. ಮೂರನೇ ಮಹಡಿ. ಅದೇ ಮನೆಯಲ್ಲಿ: ಕಾಂಚನಾ, ಮೂವತ್ತೆರಡು ವರ್ಷ.

ಹೊರಗೆ ಶಿಖರಗಳು ಹಾಗೆಯೇ ಹೊಳೆಯುತ್ತಿದ್ದವು. ಅವಳ ಕಣ್ಣಿಗೆ ಏನೂ ಕಾಣಲಿಲ್ಲ. 'ಅವನು ಹೇಳ್ಬೇಕು ಅಂದಿದ್ದ ವಿಷ್ಯ... ಇದೇ!'

ಮುಂದಿನ ಮೂರು ದಿನ ಸೊಪ್ಪಿನ ಪಲ್ಯ ಅವಳ ಮುಂದೆ ಬಂದು ನಿಲ್ಲುತ್ತಿತ್ತು. ಅವಳು ಬಡಿಸಿಕೊಳ್ಳಲಿಲ್ಲ.

ವಾಪಸ್ ಹೊರಟಾಗ ಮತ್ತೆ ಅದೇ ಸಾಲು. ಮುಖ ನೋಡಲು ಇಷ್ಟವಿಲ್ಲದಿದ್ದರೂ ಅವನ ಮುಂದೆಯೇ ನಿಲ್ಲಬೇಕು. ಇದೆಂಥ ಶಿಕ್ಷೆ!

"ಇಳಾ ಅವರೇ... ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಏನಿಲ್ಲ. ಲಿಸ್ಟ್ ಪ್ರಕಾರ ನಿಂತಿದೀನಿ, ಅಷ್ಟೆ."

ಸೋಲ್ನಾಕ್ಕೆ ಮರಳಿದ ಮೇಲೆ ಅವನಿಂದ ಎರಡು ಮೆಸೇಜ್ ಬಂದವು. ಅವಳು ಉತ್ತರಿಸಲಿಲ್ಲ. ಮೂರನೆಯದು ಹೀಗಿತ್ತು: "ನಿಮಗೆ ಇಷ್ಟ ಇಲ್ಲ ಅಂತ ಅರ್ಥ ಆಯ್ತು. ಇನ್ಮೇಲೆ ತೊಂದ್ರೆ ಕೊಡಲ್ಲ. ಹುಷಾರಾಗಿರಿ."

ಆಮೇಲೆ ನಿಜಕ್ಕೂ ಏನೂ ಬರಲಿಲ್ಲ. ಒಂದು ವಾರ... ಎರಡು ವಾರ... ಬರದ ಮೆಸೇಜಿಗೆ ಅವಳು ದಿನಕ್ಕೆ ನಲವತ್ತು ಸಲ ಫೋನ್ ನೋಡಿದಳು.

ಜೂನ್ ತಿಂಗಳ ಒಂದು ಶನಿವಾರ ಶೋಭನಾ ಆಂಟಿ ಗುಂಪಿಗೆ ಟೂರ್ ಫೋಟೋ ಹಾಕಿದರು. ಕಣಿವೆದಾರಿಯಲ್ಲಿ ತೆಗೆದದ್ದು. ಕೆಳಗೆ ಅವರದೇ ಕೀಟಲೆ: "ಎಲ್ರೂ ಕ್ಯಾಮೆರಾ ನೋಡ್ತಿದಾರೆ, ನಮ್ಮ ಎಂಟನೇ ನಂಬರ್ ಎಲ್ಲಿ ನೋಡ್ತಿದೆ ನೋಡ್ರಪ್ಪಾ!"

ಅಭಯ್ ಅವಳನ್ನು ನೋಡುತ್ತಿದ್ದ. ಕದ್ದು ನೋಡುವ ನೋಟವಲ್ಲ ಅದು. ಏನನ್ನೋ ಮುಚ್ಚಿಡುವವನು ಹಾಗೆ ನೋಡುವುದಿಲ್ಲ.

'ನಾನು ಅವನನ್ನ ಒಂದು ಮಾತೂ ಕೇಳಲೇ ಇಲ್ವಲ್ಲ...'

ಒಂದು ಗಂಟೆಯೊಳಗೆ ಅವಳು ಎಸ್ಕಿಲ್‌ಸ್ಟುನಾದ ರೈಲಿನಲ್ಲಿದ್ದಳು. ಕಿಟಕಿಯಾಚೆ ಸರೋವರಗಳು, ಬರ್ಚ್ ಮರಗಳು, ಮುಗಿಯುವ ಅವಸರವೇ ಇಲ್ಲದ ಬೇಸಿಗೆಯ ಬಿಸಿಲು.

ಮೂರನೇ ಮಹಡಿಯ ಬಾಗಿಲ ಮೇಲೆ ಎರಡು ಹೆಸರು. ಮೇಲೆ ಕಾಂಚನಾ, ಕೆಳಗೆ ಅಭಯ್. ಇಳಾಗೆ ಅಲ್ಲಿಂದಲೇ ಓಡಿಹೋಗಬೇಕೆನಿಸಿತು. ಕಣ್ಣು ಮುಚ್ಚಿ ಬೆಲ್ ಒತ್ತಿದಳು.

ಬಾಗಿಲು ತೆರೆಯಿತು. ಕೈಯಲ್ಲಿ ಸೌಟು ಹಿಡಿದಿದ್ದ ಅಭಯ್ ಹಾಗೆಯೇ ನಿಂತುಬಿಟ್ಟ.

"ಇಳಾ ಅವರೇ?!"

"ಒಂದು ಪ್ರಶ್ನೆ ಕೇಳಿ ಹೋಗ್ತೀನಿ. ಕಾಂಚನಾ ಯಾರು?"

ಕೇಳುತ್ತಲೇ ಅವಳ ಕಣ್ಣು ಕೆಳಗೆ ಹೋಯಿತು. ಬಾಗಿಲ ಒಳಗಿನ ಚಪ್ಪಲಿ ಸ್ಟ್ಯಾಂಡಿನಲ್ಲಿ ಒಂದೇ ಜೊತೆ ಶೂ, ಒಂದೇ ಜೊತೆ ಚಪ್ಪಲಿ. ಎರಡೂ ಗಂಡಸಿನವು.

ಅಭಯ್ ಒಳಗೆ ಹೋಗಿ, ರಬ್ಬರ್ ಬ್ಯಾಂಡ್ ಹಾಕಿದ ಕಾಗದಗಳ ಕಂತೆ ತಂದ. ಎಲ್ಲ ಲಕೋಟೆಗಳ ಮೇಲೂ ಒಂದೇ ಹೆಸರು. ಒಂದೂ ಒಡೆದಿರಲಿಲ್ಲ.

"ನನಗಿಂತ ಮುಂಚೆ ಈ ಮನೇಲಿದ್ದವ್ರು. ಮದುವೆ ಆಗಿ ಬೆಂಗಳೂರಿಗೆ ಹೋಗಿ ಎರಡು ವರ್ಷ ಆಯ್ತು. ಹೋಗುವಾಗ ಇಲ್ಲಿನ ರಿಜಿಸ್ಟರಿಂದ ಹೆಸರು ತೆಗೆಸೋದು ಮರೆತ್ರು. ಅವ್ರ ಲೆಟರ್ಸ್ ಇನ್ನೂ ಬರುತ್ತೆ, ಬಾಗಿಲಲ್ಲಿ ಹೆಸರಿಲ್ದಿದ್ರೆ ಪೋಸ್ಟ್‌ನವ್ರು ಹಾಕಲ್ಲ ಅಂತ ಬಿಟ್ಟಿದೀನಿ." ಅವನ ದನಿ ತಗ್ಗಿತು. "ಕೇಳ್ಬಹುದಿತ್ತಲ್ಲ, ಇಳಾ... ಇಪ್ಪತ್ತು ದಿನ ನಾನು ಏನ್ ತಪ್ಪು ಮಾಡ್ದೆ ಅಂತ ಯೋಚ್ನೆ ಮಾಡಿ ಮಾಡಿ ಸತ್ತೆ."

"ವೆಬ್‌ಸೈಟಲ್ಲಿ ಆ ಹೆಸರು ನೋಡಿ ಭಯ ಆಯ್ತು. ಕೇಳಿದ್ಮೇಲೆ... ನೀವು ಹೌದು ಅಂದ್ಬಿಟ್ರೆ?" ತಡೆದಿಟ್ಟಿದ್ದ ಅಳು ಒಮ್ಮೆಲೇ ಬಂತು. "ಇನ್ನೊಂದ್ಸಲ ಅದನ್ನ ತಡ್ಕೊಳೋ ಶಕ್ತಿ ನನಗಿಲ್ಲ, ಅಭಯ್!"

ಅವನು ಸೌಟನ್ನು ಶೂ ಪಕ್ಕದಲ್ಲೇ ಇಟ್ಟು, ಅವಳ ಎರಡೂ ಕೈ ಹಿಡಿದ.

"ನಾನೂ ನಿನ್ನ ಹೆಸರು ಹುಡುಕಿದ್ದೆ. ಮೊದಲ್ನೇ ದಿನಾನೇ!"

"ಏನು?!"

"ಸೋಲ್ನಾ ಮನೇಲಿ ನಿನ್ನ ಹೆಸರು ಒಂದೇ ಇತ್ತು. ಆ ಹೀಟರ್ ಇಲ್ಲದ ಹೋಟೆಲಲ್ಲಿ ನಾನೊಬ್ನೇ ಬೆಚ್ಚಗೆ ಮಲಗಿದ್ದು... ನಾನು ಹೇಳ್ಬೇಕು ಅಂದಿದ್ದ ವಿಷ್ಯ ಏನು ಗೊತ್ತಾ? ನೀನಂದ್ರೆ ನನಗೆ ಇಷ್ಟ. ತುಂಬಾ. ಅಷ್ಟೆ."

ಇಳಾಳ ಎದೆ ಮತ್ತೆ ಜೋರಾಗಿ ಬಡಿದುಕೊಂಡಿತು. ಎಸ್ಕಿಲ್‌ಸ್ಟುನಾದಲ್ಲಿ ಗಾಳಿಗೆ ಯಾವ ಕೊರತೆಯೂ ಇರಲಿಲ್ಲ. ಆ ದಿನದ ಪ್ರಶ್ನೆಗೆ ಈಗ ಉತ್ತರ ಸಿಕ್ಕಿತು.

"ನನಗೂ," ಎಂದಳು, ಅಳುತ್ತಲೇ ನಗುತ್ತ. "ಆ ಬಂಡೆ ಮೇಲೆ ಕೂತಾಗ್ಲೇ."

"ಈ ಲೆಟರ್ಸೆಲ್ಲ ಬೆಂಗಳೂರಿಗೆ ಕಳಿಸಿ, ಬಾಗಿಲಿಂದ ಆ ಹೆಸರು ತೆಗೆದ್ಬಿಡ್ತೀನಿ. ಇವತ್ತೇ!"

"ತೆಗಿ. ಆದ್ರೆ ಆ ಜಾಗ ಖಾಲಿ ಬಿಡು."

"ಯಾಕೆ?"

"ನಾನು ಏಳು, ನೀನು ಎಂಟು. ನನ್ನ ಹೆಸರು ಮೇಲೇ ಇರ್ಬೇಕು."

ಅಭಯ್ ಅವಳ ಹಣೆಗೆ ಹಣೆ ಒತ್ತಿ ನಕ್ಕ.

"ಸರ್ಕಾರದ ಆದೇಶ... ನಾನೇನ್ ಮಾಡ್ಲಿ?"