ಎಡಗಿವಿಗೆ ಹೇಳಿದ ಮಾತು

ದೋಣಿಕಟ್ಟೆಯ ಮೆಟ್ಟಿಲಿಳಿಯುತ್ತಿದ್ದ ಟೈಲರಮ್ಮನ ಕಾಲು ಅಲ್ಲೇ ನಿಂತುಬಿಟ್ಟಿತು.

ಕೆಳಗೆ ನೀರಿನ ಅಂಚಿನಲ್ಲಿ ಒಬ್ಬ ಬೆನ್ನು ಮಾಡಿ ನಿಂತಿದ್ದ. ಮುಖ ನೋಡುವುದೇ ಬೇಕಿರಲಿಲ್ಲ. ಆ ಹೆಗಲಿಗೆ ಎಷ್ಟು ಅಂಗಿ ಹೊಲಿದಿದ್ದಳು ಅವಳು!

"ಗುಬ್ಬೀ... ಯಾರೇ ಅದು?"

"ಅಪ್ಪ," ಎಂದಳು ಮಗಳು, ಏನೂ ಆಗಿಲ್ಲವೆಂಬಂತೆ.

"ನಾವಿಬ್ರೇ ಅಂದಿದ್ದೆ!"

"ಸುಳ್ಳು ಹೇಳಿದ್ದೆ. ಹುಟ್ಟಿದ ದಿನ ಬೈಬಾರ್ದು ಅಮ್ಮ."

"ಬೈಯಲ್ಲ, ಬಾರಿಸ್ತೀನಿ! ಇಪ್ಪತ್ತೈದು ತುಂಬಿದ್ರೂ ಬುದ್ಧಿ ಮಾತ್ರ..."

"ಅಮ್ಮ," ಗುಬ್ಬಿ ಅವಳ ಕೈ ಹಿಡಿದಳು. "ನನಗೆ ಸೀರೆ ಬೇಡ, ಓಲೆ ಬೇಡ. ನೀವಿಬ್ರೂ ಒಂದೇ ದೋಣೀಲಿ ಕೂತ್ಕೋಬೇಕು. ನೀರಿನ ಮಧ್ಯೆ ಯಾರೂ ಎದ್ದು ಹೋಗೋಕಾಗಲ್ಲ ನೋಡು!"

ಟೈಲರಮ್ಮ ಹಲ್ಲು ಕಚ್ಚಿದಳು. ವಾಪಸ್ ಹೋಗಿಬಿಡಲೇ? ಹೋಗುವುದಾದರೂ ಎಲ್ಲಿಗೆ... ಗುಬ್ಬಿ ಕೆಲಸದ ಊರಲ್ಲಿ ರೂಮು ಮಾಡಿದ ಮೇಲೆ ಮನೆ ಎನ್ನುವುದು ನಾಲ್ಕು ಗೋಡೆ, ಅಷ್ಟೇ. ಬೆಳಿಗ್ಗೆ ಎದ್ದ ಕೂಡಲೇ ರೇಡಿಯೋ ಹಾಕುತ್ತಿದ್ದಳು. ಹಾಡು ಕೇಳಲಿಕ್ಕಲ್ಲ. ಮನೆಯಲ್ಲಿ ಒಂದು ದನಿ ಇರಲಿ ಎಂದು. ಅಂಗಡಿಗೆ ಬಂದವರು ಅಳತೆ ಕೊಟ್ಟು ಹೊರಟರೆ, 'ಇನ್ನೊಂದು ಗಳಿಗೆ ಕೂತ್ಕೊಳ್ಳಿ' ಎಂಬ ಮಾತು ನಾಲಿಗೆ ತುದಿಯವರೆಗೆ ಬಂದು ನಿಲ್ಲುತ್ತಿತ್ತು.

ಇದಕ್ಕೆಲ್ಲ ಕಾರಣ ಆ ಹೆಗಲಿನವನೇ!

ಗುಬ್ಬಿ ಹೈಸ್ಕೂಲು ಮುಗಿಸುತ್ತಿದ್ದ ವರ್ಷ, ಊರಲ್ಲೇ ತಗಡು ಬಡಿಯುವ ಕೆಲಸದಲ್ಲಿದ್ದ ಅವನಿಗೆ ದೂರದ ಊರಿನ ತಗಡು ಕಾರ್ಖಾನೆಯಲ್ಲಿ ಮೇಸ್ತ್ರಿ ಕೆಲಸ ಸಿಕ್ಕಿತ್ತು. ಅಂಗಡಿ ಬಿಟ್ಟು ಬರುವುದಿಲ್ಲ ಎಂದು ಇವಳ ಹಟ. ವಾರವಿಡೀ ಜಗಳ. ಕೊನೆಗೆ ಅವನು, "ಹಾಗಾದ್ರೆ ನಾನೊಬ್ನೇ ಹೋಗ್ಲಾ?" ಎಂದಿದ್ದ. ಮಿಷನ್ ತುಳಿಯುತ್ತಲೇ, ಸೂಜಿಯಿಂದ ಕಣ್ಣೆತ್ತದೆ, ಇವಳು ಉತ್ತರ ಕೊಟ್ಟಿದ್ದಳು. ಕಣ್ಣೆತ್ತಿದರೆ ನೀರು ಕಾಣುತ್ತಿತ್ತಲ್ಲ! ಅವನು ಸ್ವಲ್ಪ ಹೊತ್ತು ನಿಂತ. ಆಮೇಲೆ ಪೆಟ್ಟಿಗೆ ಎತ್ತಿಕೊಂಡು ಹೊರಟೇಹೋದ.

ಬೇಡಿಕೊಂಡರೂ ನಿಲ್ಲದವನ ಮುಖ ಮತ್ತೆ ನೋಡುವುದೇ? ಥೂ!

ಆದರೂ ದೋಣಿ ಹತ್ತಿದಳು. ಮಗಳಿಗಾಗಿ.

ಗುಬ್ಬಿ ಬೇಕೆಂದೇ ಮುಂದೆ ಹೋಗಿ ಕುಳಿತಳು. ಇವರಿಬ್ಬರಿಗೆ ಉಳಿದದ್ದು ಒಂದೇ ಹಲಗೆ. ಟೈಲರಮ್ಮ ಅವನ ಎಡಕ್ಕೆ, ಮಧ್ಯೆ ಮೊಳದಷ್ಟು ಜಾಗ ಬಿಟ್ಟು ಕುಳಿತಳು. ತಲೆ ನರೆತಿತ್ತು ಅವನದು. ಅಂಗಿಯ ಗುಂಡಿಯೊಂದನ್ನು ಬೇರೆ ಬಣ್ಣದ ದಾರದಲ್ಲಿ ಅಡ್ಡಾದಿಡ್ಡಿ ಹೊಲಿದುಕೊಂಡಿದ್ದ. ಅದನ್ನು ಕಂಡು ಅವಳ ಎದೆ ಚುರುಕ್ಕೆಂದಿತು... ಚುರುಕ್ಕೆಂದದ್ದಕ್ಕೇ ಸಿಟ್ಟೂ ಬಂತು.

"ಆರಾಮಾಗಿದೀರಾ?" ಎಂದು ಕೇಳಿದಳು.

ಅವನು ನೀರನ್ನೇ ನೋಡುತ್ತಿದ್ದ. ಮಾತಿಲ್ಲ.

ಸೊಕ್ಕು ನೋಡು! ಅಂದೂ ಇಷ್ಟೇ, ಇಂದೂ ಇಷ್ಟೇ. ಗೋಡೆ ಜೊತೆ ಮಾತಾಡಿದ ಹಾಗೆ!

ಅಷ್ಟರಲ್ಲಿ ಹಳೆಯ ಸೇತುವೆ ಬಂತು. ತೀರಾ ತಗ್ಗು. ಹಿಂದಿನಿಂದ ದೋಣಿಯವನು ಕೂಗಿದ, "ತಲೆ ಬಗ್ಸಿ, ತಲೆ!"

ಎಲ್ಲರೂ ಬಗ್ಗಿದರು. ಅವನು ಮಾತ್ರ ನೆಟ್ಟಗೆ ಕುಳಿತೇ ಇದ್ದ!

"ರೀ!"

ಟೈಲರಮ್ಮ ಅವನ ಕುತ್ತಿಗೆಗೆ ಕೈಹಾಕಿ ತನ್ನ ಮಡಿಲ ಕಡೆಗೆ ಎಳೆದಳು. ಸೇತುವೆಯ ಕಲ್ಲು ತಲೆಯ ಮೇಲೇ ಸರಿದುಹೋಯಿತು.

"ಪ್ರಾಣ ಹೋಗ್ತಿತ್ತಲ್ರೀ! ಅಷ್ಟು ಜೋರಾಗಿ ಕೂಗಿದ್ದು ಕೇಳಿಸ್ಲಿಲ್ವಾ?"

ಅವನು ಪೂರ್ತಿ ಅವಳ ಕಡೆ ತಿರುಗಿದ. ಅವಳ ತುಟಿಯನ್ನೇ ನೋಡುತ್ತ ಹೇಳಿದ, "ಈ ಕಡೆ ಕಿವಿ ಕೇಳ್ಸಲ್ಲ. ಆ ಕಡೇದೂ ಈಗ ಅಷ್ಟಕ್ಕಷ್ಟೇ."

"ಯಾವಾಗಿಂದ?"

"ಒಟ್ಟಿಗಿದ್ದಾಗಿಂದ್ಲೇ. ತಗಡು ಬಡಿದೂ ಬಡಿದೂ... ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ಅಂತ ಯಾರಿಗೂ ಹೇಳಿರ್ಲಿಲ್ಲ."

"ನಾನೂ ಯಾರೋ ಆಗಿದ್ನಾ?"

ಅವನು ತಲೆ ತಗ್ಗಿಸಿದ. "ಕಿವುಡನ ಹೆಂಡತಿ ಅನ್ನಿಸ್ಕೊಳ್ಳೋದು ಬೇಡ ಅಂತ..."

ಟೈಲರಮ್ಮನಿಗೆ ಅಂದಿನ ಜಗಳ ಕಣ್ಣಿಗೆ ಬಂತು. ಅಂಗಡಿಯಲ್ಲಿ ಮಿಷನ್ ಬಾಗಿಲ ಪಕ್ಕಕ್ಕಿತ್ತು. ಅವತ್ತು ಅವನು ನಿಂತಿದ್ದದ್ದು... ಎಡಗಿವಿ ಇವಳ ಕಡೆಗೆ!

"ರೀ... ಆ ದಿನ ನಾನು ಏನಂದೆ ಅಂತ ಕೇಳ್ಸಿತು ನಿಮಗೆ?"

"ಈಗ್ಯಾಕೆ ಅದು?"

"ಹೇಳ್ರೀ!"

"ಹೋಗ್ಬಿಡಿ ಅಂದೆ," ಎಂದ ಅವನು. "ಮುಖ ಕೂಡ ಎತ್ಲಿಲ್ಲ ನೀನು."

ಅವಳು ಅವನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಹೋಗ್ಬೇಡಿ ಅಂದೆ ಕಣ್ರೀ... ಹೋಗ್ಬೇಡಿ ಅಂದೆ!"

'ಬಿ' ಮತ್ತು 'ಬೇ'! ಅಕ್ಷರ ಕಲಿಯುವ ಮಗುವಿಗೂ ಗೊತ್ತಿರುವ ವ್ಯತ್ಯಾಸ. ಅಷ್ಟಕ್ಕೇ ಎರಡು ಬಾಳು ಎರಡು ಊರಲ್ಲಿ ಒಣಗಿದ್ದವು.

"ಇನ್ನೊಂದ್ಸಲ ಕೇಳಬಾರ್ದಿತ್ತಾ ನೀವು?" ಅವಳು ಅವನ ತೋಳಿಗೆ ಗುದ್ದಿದಳು.

"ಇನ್ನೊಂದ್ಸಲ ಹೇಳಬಾರ್ದಿತ್ತಾ ನೀನು?"

ಕಿವಿಯ ಮೇಲೆ ಎಷ್ಟಂತ ತಪ್ಪು ಹೊರಿಸುವುದು? ಬಿಗುಮಾನ ಇಬ್ಬರಿಗೂ ಇತ್ತು, ಬೇಕಾದಷ್ಟು.

ಆಚೆ ದಡದಲ್ಲಿ ಗುಬ್ಬಿ ಕೇಕು ಕತ್ತರಿಸಿದಳು. ಅಪ್ಪನಿಗೊಂದು ತುಂಡು, ಅಮ್ಮನಿಗೊಂದು ತುಂಡು. ಇಬ್ಬರೂ ಅಳುತ್ತಲೇ ತಿಂದರು. "ಉಪ್ಪಾಗುತ್ತೆ ಕೇಕು!" ಎಂದು ನಕ್ಕಳು ಮಗಳು. ಆಮೇಲೆ ಅವಳೇ ಆ ಕಡೆ ತಿರುಗಿ ಮೂಗು ಒರೆಸಿಕೊಂಡಳು.

ಸಂಜೆ ಗುಬ್ಬಿ ತನ್ನೂರಿನ ಬಸ್ಸು ಹತ್ತಿ ಹೋದಳು. ನಿಲ್ದಾಣದ ಬೆಂಚಿನಲ್ಲಿ ಇಬ್ಬರೇ ಉಳಿದರು. ಅದೇ ಖಾಲಿ ಮನೆ, ಅದೇ ರೇಡಿಯೋ ಕಾಯುತ್ತಿತ್ತು ಅವಳನ್ನು. ಅವನ ಬಸ್ಸು ಮೊದಲು ಬಂತು. ಅವನು ಎದ್ದು ನಿಂತ. ಹತ್ತಲಿಲ್ಲ, ಕೂರಲೂ ಇಲ್ಲ.

"ಹತ್ತುತೀರೋ ಇಲ್ವೋ ಯಜಮಾನ್ರೇ?" ಕಂಡಕ್ಟರ್ ರೇಗಿದ.

ಟೈಲರಮ್ಮ ಎದ್ದು ಬಂದು ಬಸ್ಸಿಗೂ ಅವನಿಗೂ ಅಡ್ಡ ನಿಂತಳು. "ಅವರು ಬರಲ್ಲಪ್ಪಾ. ನೀವು ಹೊರಡಿ!"

ಬಸ್ಸು ಧೂಳೆಬ್ಬಿಸಿ ಹೋಯಿತು.

"ಏನಂದೆ ಅವನಿಗೆ?" ಎಂದ ಅವನು ಮೆಲ್ಲಗೆ.

ಅವಳು ಅವನ ಬಲಕ್ಕೆ ಬಂದು, ಹಿಮ್ಮಡಿ ಎತ್ತಿ, ಕಿವಿಯ ಹತ್ತಿರವೇ ಹೇಳಿದಳು. "ನೀವು ನನ್ನ ಜೊತೆ ಬರ್ತೀರಿ ಅಂದೆ."

"ನನಗೆ ಇನ್ನೂ ಜಾಗ ಇದ್ಯಾ ಅಲ್ಲಿ?"

"ಮಂಚದ ಆ ಪಕ್ಕ ಗಿರಾಕಿಗಳ ಬಟ್ಟೆ ಒಟ್ಟಿದೀನಿ."

"ಯಾಕೆ?"

"ಖಾಲಿ ಕಂಡ್ರೆ ನಿದ್ದೆ ಬರಲ್ಲ..."

ಅವನು ಅವಳ ಕಡೆ ಕೈ ಚಾಚಿದ.

"ಹೋದ ಕೂಡ್ಲೇ ಎಲ್ಲಾ ಮಡಚಿ ಎತ್ತಿಡ್ತೀನಿ."

"ಎತ್ತಿಡಿ ಸಾಕು," ಎಂದಳು ಅವಳು, ಅವನ ಬೆರಳಿಗೆ ಬೆರಳು ಹೆಣೆಯುತ್ತ. "ಮಡಚೋದು ನಿಮಗೆ ಯಾವತ್ತೂ ಬರ್ಲಿಲ್ಲ."