ಒಣಗದ ಕಂಬಳಿ

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ನಾನು ಸುರಪುರದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಮನೆಯ ಹಳೆಯ ವಸ್ತು ತಂದು ಅದರ ಕಥೆ ಬರೆಯಿರೆಂದು ಮಕ್ಕಳಿಗೆ ಹೇಳಿದ್ದೆ. ಕೃಷ್ಣೆಯಲ್ಲಿ ಮುಳುಗಿ ತೀರಿಕೊಂಡ ನನ್ನ ಮಗನ ಕಂಬಳಿಯನ್ನು ನಾನೂ ಪೆಟ್ಟಿಗೆಯಿಂದ ತೆಗೆದು ತಂದು ಮೇಜಿನ ಮೇಲಿಟ್ಟೆ.

ಬಿರುಬೇಸಿಗೆಯ ಮಧ್ಯಾಹ್ನ. ಕುರಿಗಾರರ ಹುಡುಗಿ ರೇಣಮ್ಮ ಕಂಬಳಿ ಮುಟ್ಟಿ ಕೈ ಹಿಂತೆಗೆದಳು. “ಮಾಸ್ತರ್ರೀ, ಹಸಿ ಐತ್ರಿ!”

ಮೇಜಿನಿಂದ ನೀರು ತೊಟ್ಟಿಕ್ಕಿತು. ಹೊಳೆಯ ಕೆಸರಿನ ವಾಸನೆ ಬಂತು.

ಮಕ್ಕಳ ಗದ್ದಲ ಕೇಳಿ ಹೆಡ್‌ಮಾಸ್ತರ ಬಸವಂತರಾಯರು ಓಡಿಬಂದರು. “ಸತ್ತವರದು ಇಟ್ಕೋಬಾರದ್ರಿ. ಸುಟ್ಟುಬಿಡ್ರಿ.”

“ಸುಟ್ರ ಅವ ಏನ್ ಹೊದ್ಕೋಬೇಕ್ರಿ?” ಎಂದಳು ರೇಣಮ್ಮ.

“ದೇವರು ಮಗನ್ನ ಒಯ್ದಾನ. ಇದನ್ನ ಮಾತ್ರ ಕೊಡಾಂಗಿಲ್ರಿ” ಎಂದೆ ನಾನು. ಕಂಬಳಿಯನ್ನು ಹೆಗಲಿಗೆ ಹೊದ್ದು ಪಾಠ ಮುಂದುವರಿಸಿದೆ.

ಸಂಜೆ ತೆಗೆದಾಗ ಅದರಿಂದ ನೀರು ಸುರಿಯುತ್ತಲೇ ಇತ್ತು. ಒಳಗಿನ ನನ್ನ ಅಂಗಿ ಮಾತ್ರ ಒಣಗಿಯೇ ಇತ್ತು.